ಮಗುವನ್ನು ನೋಡಿಕೊಳ್ಳಲು ಮನೆಗೇ ಬಂದವರು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಆಸ್ಟಿನ್ ನಗರದಿಂದ ತಂಗಿಯ ಮಗಳು ಕರೆ ಮಾಡಿದಳು. ಅವಳಿಗೆ ಅವಳಿ ಮಕ್ಕಳು ಹುಟ್ಟಿ ಆಗ ಎರಡೂವರೆ ತಿಂಗಳಾಗಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ನನ್ನ ತಂಗಿಯ ಆರು ತಿಂಗಳ ಪ್ರವಾಸಿ ವೀಸಾ ಅವಧಿ ಮುಗಿಯುತ್ತ ಬಂದಿತ್ತು. ಅಳಿಯ ಕೆಲಸಕ್ಕೆ ಮರಳಿಯಾಗಿತ್ತು. ಇನ್ನು ಎರಡು ವಾರದಲ್ಲಿ ಅವಳೂ ಮರಳಬೇಕು.

“ದೊಡ್ಡಮ್ಮ, ಮನೆಯಲ್ಲೇ ಉಳ್ಕೊಂಡು ಮಕ್ಕಳನ್ನ ನೋಡಿಕೊಳ್ಳೋರು ಯಾರಾದರೂ ಸಿಕ್ತಾರಾ? ಅಮ್ಮ ಹೋದ ಮೇಲೆ ಏನು ಮಾಡೋದು ಅಂತ ಯೋಚನೆ ಮಾಡಿ ಮಾಡಿ ನಿದ್ದೇನೇ ಬರ್ತಿಲ್ಲ.”

ವೈದ್ಯೆಯಾಗಿ ಮೂರು ದಶಕ ಕಳೆದ ನನ್ನನ್ನು ಜನರು ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಗಳ ಬಗ್ಗೆ ಕೇಳುವುದು ಸಹಜ. ಆದರೆ ಟೆಕ್ಸಾಸಿನ ಕನ್ನಡ ಸಂಘಗಳ ಯುಗಾದಿ, ರಾಜ್ಯೋತ್ಸವಗಳ ಊಟದ ಸಾಲಿನಲ್ಲಿ ಕೈಯಲ್ಲಿ ಎಳೆ ಮಗು ಹೊತ್ತ ತಾಯಂದಿರು ನನ್ನನ್ನು ಹೆಚ್ಚಾಗಿ ಕೇಳಿರುವುದು ಈ ಪ್ರಶ್ನೆಯನ್ನೇ. ಡಲ್ಲಾಸ್ ಆಗಲಿ, ಹ್ಯೂಸ್ಟನ್ ಆಗಲಿ, ಆಸ್ಟಿನ್ ಆಗಲಿ, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಅಜ್ಜಿ ವಿಮಾನ ಹತ್ತಿದ ಮರುದಿನ ಬೆಳಿಗ್ಗೆ ಮಗುವನ್ನು ಯಾರ ಕೈಗೆ ಕೊಡುವುದು?

ಈ ಪ್ರಶ್ನೆಗೆ ನಾನೂ ಒಮ್ಮೆ ಉತ್ತರ ಹುಡುಕಿಕೊಂಡಿದ್ದೆ. ಆ ಉತ್ತರದಲ್ಲಿ ನನ್ನದೊಂದು ತಪ್ಪೂ ಇತ್ತು. ತಂಗಿಯ ಮಗಳಿಗೆ ಹೇಳಿದ್ದನ್ನು ಇಲ್ಲಿ ಬರೆಯುವಾಗ ಅದನ್ನು ಮುಚ್ಚಿಡುವುದು ಸರಿಯಲ್ಲ.

‘ಬಾ’ ಬಂದದ್ದು

ನನ್ನ ಮಗ ಹುಟ್ಟಿದ್ದು 2000ದ ಡಿಸೆಂಬರಿನಲ್ಲಿ, ಹ್ಯೂಸ್ಟನ್ನಿನಲ್ಲಿ. ನಾನಾಗ ಅಲ್ಲಿಯೇ ರೆಸಿಡೆನ್ಸಿಯ ಎರಡನೆಯ ವರ್ಷದಲ್ಲಿದ್ದೆ. ತರಬೇತಿಯ ವೈದ್ಯರನ್ನು ವಾರಕ್ಕೆ 80 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನಿಯಮ ಅಮೆರಿಕದಾದ್ಯಂತ ಜಾರಿಗೆ ಬಂದದ್ದು 2003ರ ಜುಲೈನಲ್ಲಿ. ಅದಕ್ಕೆ ಮೊದಲು ಮೂವತ್ತಾರು ಗಂಟೆಗಳ ಪಾಳಿ ಮುಗಿಸಿ, ಕಾರಿನ ಕಿಟಕಿ ಇಳಿಸಿ, ಮುಖಕ್ಕೆ ಗಾಳಿ ಬಡಿಸಿಕೊಳ್ಳುತ್ತ ಮನೆಗೆ ಮರಳಿದ ಬೆಳಗುಗಳು ಎಷ್ಟೋ. ಪತಿಯ ಕೆಲಸ ಆಸ್ಟಿನ್‌ನಲ್ಲಿತ್ತು. ವಾರದ ಮೂರು ರಾತ್ರಿ ಅಲ್ಲಿಯೇ ಉಳಿಯುತ್ತಿದ್ದರು. ಅಮ್ಮ ಮೈಸೂರಿನಿಂದ ಬಂದು ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಲಾಲಿ ಎಲ್ಲವನ್ನೂ ನಡೆಸಿಕೊಟ್ಟು 2001ರ ಮೇ ತಿಂಗಳಲ್ಲಿ ಹಿಂದಿರುಗಿದರು. ನನ್ನ ಪಾಳಿಗಳಿಗೆ ಯಾವ ಡೇ ಕೇರ್ ಕೂಡ ಹೊಂದುತ್ತಿರಲಿಲ್ಲ. ಸಂಜೆ ಆರಕ್ಕೆ ಬಾಗಿಲು ಹಾಕುವ ಕಡೆ, ಮರುದಿನ ಮಧ್ಯಾಹ್ನ ಬರುವ ತಾಯಿಯ ಮಗುವನ್ನು ಬಿಡುವುದಾದರೂ ಹೇಗೆ?

ಹಿಲ್‌ಕ್ರಾಫ್ಟ್ ರಸ್ತೆಯ ಭಾರತೀಯ ದಿನಸಿ ಅಂಗಡಿಯೊಂದರ ಸೂಚನಾ ಫಲಕದಲ್ಲಿ ಕೈಬರಹದ ಚೀಟಿಯೊಂದು ಕಂಡಿತು: ‘ಮನೆಯಲ್ಲೇ ಇದ್ದು ಮಗು ನೋಡಿಕೊಳ್ಳುತ್ತೇನೆ, ಅಡಿಗೆ ಬರುತ್ತದೆ’. ಬರೆದದ್ದು ಗುಜರಾತಿ ಹೆಂಗಸೊಬ್ಬರ ಮೊಮ್ಮಗ. ಅವರಿಗೆ ಆಗ ಐವತ್ತೈದರ ಆಸುಪಾಸು. ಮಗನ ಮೂಲಕ ಗ್ರೀನ್ ಕಾರ್ಡ್ ಪಡೆದು ಬಂದವರು. ಅದಕ್ಕೆ ಮೊದಲು ಎರಡು ವರ್ಷ ಮೋಟೆಲ್ ಒಂದರಲ್ಲಿ ಹಾಸಿಗೆ ಬಟ್ಟೆ ಒಗೆದಿದ್ದರು, ಬೆನ್ನು ಸೋತಿತ್ತು. ಅವರನ್ನು ಎಲ್ಲರೂ ‘ಬಾ’ ಎಂದೇ ಕರೆಯುತ್ತಿದ್ದರು. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ನಮ್ಮ ಮಗ ಮಾತು ಕಲಿತಾಗ ಅದೊಂದು ತಮಾಷೆಯೇ ಆಯಿತು. “ಬಾ” ಎಂದು ಅವನು ಕೂಗಿದರೆ ಕನ್ನಡದಲ್ಲಿ ಕರೆಯುತ್ತಿದ್ದಾನೋ, ಗುಜರಾತಿಯಲ್ಲಿ ಹೆಸರಿಡುತ್ತಿದ್ದಾನೋ ತಿಳಿಯುತ್ತಿರಲಿಲ್ಲ. ಎರಡರಲ್ಲಿ ಯಾವುದಾದರೂ ಬರುತ್ತಿದ್ದವರು ಅವರೇ.

ನಾವು ತಿಂಗಳಿಗೆ 800 ಡಾಲರ್ ನಗದು, ಊಟ, ವಸತಿ ಎಂದು ಮಾತಾಡಿಕೊಂಡೆವು. ‘ವಸತಿ’ ಎಂದರೆ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಮಗುವಿನ ತೊಟ್ಟಿಲಿದ್ದ ಕೋಣೆ. ರಜೆಯ ದಿನದ ಮಾತು ಬರಲಿಲ್ಲ. ಗಂಟೆಗಳ ಮಾತಂತೂ ಬರಲೇ ಇಲ್ಲ. ಮನೆಯವರಂತೆಯೇ ಇರುವವರ ಬಳಿ ಗಡಿಯಾರ ಹಿಡಿಯುವುದೇ ಎಂದು ನಮಗೆ ನಾವೇ ಹೇಳಿಕೊಂಡೆವು.

ಆ ರಾತ್ರಿ

ಬಾ ಬಂದು ಮೂರು ವಾರವೂ ಆಗಿರಲಿಲ್ಲ. 2001ರ ಜೂನ್ 8, ಶುಕ್ರವಾರ. ಆಲಿಸನ್ ಎಂಬ ಉಷ್ಣವಲಯದ ಬಿರುಗಾಳಿ ಆ ವಾರದ ಆರಂಭದಲ್ಲೇ ಒಮ್ಮೆ ಬಂದು ಹೋಗಿತ್ತು, ಎಲ್ಲರೂ ಮುಗಿಯಿತೆಂದುಕೊಂಡಿದ್ದರು. ಅದು ಹಿಂದಿರುಗಿ ಬಂದು ಹ್ಯೂಸ್ಟನ್ ಮೇಲೆ ನಿಂತುಬಿಟ್ಟಿತು. ಆ ರಾತ್ರಿಯಿಡೀ ಸುರಿದ ಮಳೆಗೆ ಬ್ರೇಸ್ ಬಯೂ ಹಳ್ಳ ಉಕ್ಕಿ ರಸ್ತೆಗಳು ಹೊಳೆಗಳಾದವು. ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಸಂಕೀರ್ಣವೆನಿಸಿದ ಟೆಕ್ಸಾಸ್ ಮೆಡಿಕಲ್ ಸೆಂಟರಿನ ನೆಲಮಾಳಿಗೆಗಳಿಗೆ ನೀರು ನುಗ್ಗಿತು. ವಿದ್ಯುತ್ ಹೋಯಿತು, ಬದಲಿ ಜನರೇಟರುಗಳೂ ಕೈಕೊಟ್ಟವು. ರೋಗಿಗಳನ್ನು ಕತ್ತಲೆಯ ಮೆಟ್ಟಿಲುಗಳಲ್ಲಿ ಹೊತ್ತು ಇಳಿಸಬೇಕಾಯಿತು. ಉಸಿರಾಟದ ಯಂತ್ರ ನಿಂತ ಕಡೆ ದಾದಿಯರು, ವೈದ್ಯರು ಸರದಿಯ ಮೇಲೆ ಕೈಯಿಂದಲೇ ಗಾಳಿಚೀಲ ಒತ್ತುತ್ತ ಕುಳಿತರು.

ನಾನು ಅಂದು ರಾತ್ರಿ ಪಾಳಿಯಲ್ಲಿದ್ದೆ. ಹನ್ನೊಂದು ಗಂಟೆಗೆ ಮನೆಗೆ ಕರೆ ಮಾಡಿದೆ. ಬಾ ಹಿಂದಿಯಲ್ಲಿ ಹೇಳಿದರು: “ಬಾಗಿಲ ಕೆಳಗಿನಿಂದ ನೀರು ಬರುತ್ತಿದೆ. ನೀನು ನಿನ್ನ ಕೆಲಸ ನೋಡು. ನಾನಿದ್ದೇನೆ.” ಮುಂದಿನ ಕರೆ ಹೋಗಲಿಲ್ಲ. ಪತಿ ಆಸ್ಟಿನ್‌ನಿಂದ ಹೊರಟವರು ದಾರಿ ಮುಚ್ಚಿದ್ದರಿಂದ ಅರ್ಧದಲ್ಲೇ ನಿಂತಿದ್ದರು. ಆರು ತಿಂಗಳ ಮಗು, ನೆಲಮಹಡಿಯ ಮನೆ, ಇಂಗ್ಲಿಷ್ ಬಾರದ ಒಬ್ಬ ಹೆಂಗಸು. ಪರಿಚಯವಾಗಿ ಮೂರು ವಾರ. ಆ ರಾತ್ರಿ ನಾನು ಹಿಡಿದ ಎಷ್ಟೋ ಕೈಗಳು ನೆನಪಿವೆ. ಅವುಗಳಲ್ಲಿ ಒಂದರ ಮೇಲೂ ನನ್ನ ಮನಸ್ಸು ಪೂರ್ತಿ ಇರಲಿಲ್ಲ ಎಂಬುದೂ ನೆನಪಿದೆ.

ಮನೆ ತಲುಪಿದ್ದು ಭಾನುವಾರ ಮಧ್ಯಾಹ್ನ. ಕಂಬಳಿ ನೆಲಹಾಸು ನೀರು ಕುಡಿದು ಕೊಳೆಯುತ್ತಿತ್ತು. ಬಾ ಮತ್ತು ಮಗು ಮೇಲಿನ ಮಹಡಿಯಲ್ಲಿ, ಅದುವರೆಗೆ ನಾವು ಮಾತೇ ಆಡಿಸದಿದ್ದ ಮೆಕ್ಸಿಕನ್ ಕುಟುಂಬವೊಂದರ ಸೋಫಾದ ಮೇಲೆ ಇದ್ದರು. ಆ ಮನೆಯಾಕೆಗೆ ಸ್ಪ್ಯಾನಿಷ್, ಇವರಿಗೆ ಗುಜರಾತಿ. ಇಬ್ಬರೂ ಸೇರಿ ಮಗುವಿಗೆ ಅಕ್ಕಿಗಂಜಿ ಬೇಯಿಸುತ್ತಿದ್ದರು. ದಿಂಬಿನ ಚೀಲದೊಳಗೆ ಬಾ ಮೇಲಕ್ಕೆ ಒಯ್ದಿದ್ದು ಇಷ್ಟು: ಹಾಲಿನ ಪುಡಿಯ ಡಬ್ಬಿ, ಬಾಟಲಿಗಳು, ಡಯಾಪರುಗಳು, ನಮ್ಮ ಪಾಸ್‌ಪೋರ್ಟುಗಳಿದ್ದ ಕಡತ. ಅವರ ಸ್ವಂತ ಪೆಟ್ಟಿಗೆ ಮಂಚದ ಕೆಳಗೆ ನೀರಿನಲ್ಲೇ ಇತ್ತು. ಯಾಕೆ ಎಂದು ಕೇಳಿದೆ. “ಅದರಲ್ಲಿ ಸೀರೆಗಳಷ್ಟೇ ಇದ್ದವು. ನಿಮ್ಮ ಕಾಗದ ನೆಂದರೆ ಸರ್ಕಾರ ಮತ್ತೆ ಕೊಡುತ್ತದೆಯೇ?” ಎಂದರು.

ಸೊನ್ನೆಗಳು

ಅವರು 2003ರ ಬೇಸಿಗೆಯವರೆಗೆ ನಮ್ಮೊಡನಿದ್ದರು. ಆಮೇಲೆ ನಾವು ಡಲ್ಲಾಸಿನ ಉತ್ತರಕ್ಕಿರುವ ಪ್ಲೇನೋಗೆ ಬಂದೆವು. ಅವರು ಹ್ಯೂಸ್ಟನ್ನಿನಲ್ಲೇ ಉಳಿದು ಬೇರೊಂದು ಮನೆ ಸೇರಿದರು. 2004ರ ಆರಂಭದಲ್ಲಿ ಒಂದು ದಿನ ಅವರ ಮೊಮ್ಮಗನ ಕರೆ ಬಂತು. ಸೋಷಿಯಲ್ ಸೆಕ್ಯೂರಿಟಿ ಇಲಾಖೆಯಿಂದ ಅಜ್ಜಿಯ ಗಳಿಕೆಯ ವಿವರದ ಕಾಗದ ಬಂದಿದೆ, ಒಂದು ಸಂಗತಿ ಕೇಳಬೇಕಂತೆ ಎಂದ. ಮೋಟೆಲಿನಲ್ಲಿ ಒಗೆದ ಎರಡು ವರ್ಷಗಳ ಎದುರು ಅಂಕಿಗಳಿದ್ದವು. ನಮ್ಮ ಮನೆಯಲ್ಲಿದ್ದ ವರ್ಷಗಳ ಎದುರು ಸೊನ್ನೆ.

ಬಾ ಫೋನ್ ತೆಗೆದುಕೊಂಡರು. ದೂರುವ ದನಿಯಿರಲಿಲ್ಲ. “ಬೇಟಾ, ನಾನು ನಿಮ್ಮಲ್ಲಿ ಕೆಲಸ ಮಾಡಿದ್ದು ಕೆಲಸವಲ್ಲವಂತೆಯೇ?”

ಅಮೆರಿಕದ ಈ ವ್ಯವಸ್ಥೆ ತಿಳಿಯದವರಿಗಾಗಿ ಒಂದು ಮಾತು. ಇಲ್ಲಿ ದುಡಿಯುವವರ ಸಂಬಳದಿಂದ 7.65 ಶೇಕಡಾ, ಕೆಲಸ ಕೊಟ್ಟವರಿಂದ ಇನ್ನೊಂದು 7.65 ಶೇಕಡಾ ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ನಿಧಿಗಳಿಗೆ ಹೋಗುತ್ತದೆ. ವರ್ಷಕ್ಕೆ ಗರಿಷ್ಠ ನಾಲ್ಕರಂತೆ ಒಟ್ಟು 40 ಅಂಕಗಳು ಸೇರಿದರೆ ಮಾತ್ರ ಮುಪ್ಪಿನಲ್ಲಿ ಪಿಂಚಣಿ, 65ರ ನಂತರ ಕಂತಿಲ್ಲದ ಆಸ್ಪತ್ರೆ ವಿಮೆ. 1996ರ ಆಗಸ್ಟ್ ನಂತರ ಗ್ರೀನ್ ಕಾರ್ಡ್ ಪಡೆದು ಬಂದ ಬಡ ವೃದ್ಧರಿಗೆ ಸರ್ಕಾರದ ಕೆಲವು ನೆರವುಗಳೂ ಸಾಮಾನ್ಯವಾಗಿ ಈ 40 ಅಂಕಗಳಿಲ್ಲದೆ ದಕ್ಕುವುದಿಲ್ಲ. ವೈದ್ಯೆಯಾದ ನನಗೆ ಆಸ್ಪತ್ರೆ ವಿಮೆಯಿಲ್ಲದ ಮುಪ್ಪು ಎಂದರೇನೆಂದು ದಿನವೂ ಕಾಣುತ್ತಿತ್ತು. ಆದರೂ ನನ್ನ ಮನೆಯಲ್ಲೇ ಒಬ್ಬರ ಮುಪ್ಪಿನಿಂದ ನಾನು ಮೂರು ವರ್ಷಗಳನ್ನು ಅಳಿಸಿದ್ದೆ.

ಆ ರಾತ್ರಿ ಕುಳಿತು ಗಂಟೆಗಳ ಲೆಕ್ಕ ಹಾಕಿದೆ. ಕಡಿಮೆಯೆಂದರೂ ವಾರಕ್ಕೆ 60 ಗಂಟೆ, ತಿಂಗಳಿಗೆ 260. ಎಂಟುನೂರು ಡಾಲರನ್ನು ಭಾಗಿಸಿದರೆ ಗಂಟೆಗೆ ಮೂರು ಡಾಲರ್ ಚಿಲ್ಲರೆ. ಆಗಿನ ಕನಿಷ್ಠ ವೇತನ 5 ಡಾಲರ್ 15 ಸೆಂಟ್. ಮಗು ಎದ್ದ ರಾತ್ರಿಗಳು ಈ ಲೆಕ್ಕದಲ್ಲಿ ಸೇರಿರಲಿಲ್ಲ. ನನ್ನ ರೆಸಿಡೆನ್ಸಿಯ ಸಂಬಳವೂ ಗಂಟೆಯ ಲೆಕ್ಕದಲ್ಲಿ ಅಲ್ಪವೇ ಆಗಿತ್ತೆಂಬ ಸಮಾಧಾನ ಒಂದಿತ್ತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ರೆಸಿಡೆನ್ಸಿ ಮುಗಿಯುವಂಥದ್ದು, ಅದರಾಚೆ ನನಗೊಂದು ವೃತ್ತಿ ಕಾದಿತ್ತು.

ಲೆಕ್ಕಪರಿಶೋಧಕರ ಬಳಿ ಹೋದೆವು. ಗಳಿಕೆಯ ದಾಖಲೆ ತಿದ್ದಲು ಆ ವರ್ಷ ಮುಗಿದ ಮೇಲೆ ಮೂರು ವರ್ಷ, ಮೂರು ತಿಂಗಳು, ಹದಿನೈದು ದಿನಗಳ ಗಡುವಿದೆ ಎಂದು ಅವರು ಹೇಳಿದರು. 2001ರ ಗಡುವು ಇನ್ನೂ ಒಂದು ವರ್ಷ ಉಳಿದಿತ್ತು. ಹಳೆಯ ವರ್ಷಗಳ ತೆರಿಗೆ ಪತ್ರಗಳನ್ನು ತಿದ್ದಿ, ಎರಡೂ ಪಾಲನ್ನು ನಾವೇ ಕಟ್ಟಿ, ಬಡ್ಡಿ ದಂಡಗಳನ್ನೂ ತೆತ್ತೆವು. ಕನಿಷ್ಠ ವೇತನಕ್ಕೆ ಕಡಿಮೆಯಾದ ಬಾಕಿಯನ್ನೂ ಲೆಕ್ಕ ಹಾಕಿ ಹ್ಯೂಸ್ಟನ್ನಿಗೆ ಒಯ್ದೆವು. ಬಾ ಚೆಕ್ಕನ್ನು ಕೈಗೆತ್ತಿಕೊಳ್ಳುವ ಮೊದಲು ಕೇಳಿದರು: “ಇದು ದಾನವೋ, ಬಾಕಿಯೋ?” ಬಾಕಿ ಎಂದೆ. “ಹಾಗಾದರೆ ಕೊಡು” ಎಂದು ತೆಗೆದುಕೊಂಡರು.

ಹೊಸ ತಾಯಂದಿರಿಗೆ ಇರುವ ದಾರಿಗಳು

ಈ ಕತೆಯನ್ನು ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಮುಂದಿನ ಶನಿವಾರ ಪ್ಲೇನೋದಿಂದ ಹೊರಟು, ಐ-35 ಹೆದ್ದಾರಿಯ ದಟ್ಟಣೆಯಲ್ಲಿ ನಾಲ್ಕು ಗಂಟೆ ಕಳೆದು ಆಸ್ಟಿನ್ನಿನ ಉತ್ತರದ ರೌಂಡ್ ರಾಕ್ ತಲುಪಿದೆ. ಊಟದ ಮೇಜಿನ ಮೇಲೆ ಒಂದು ಹಾಳೆ ಹರಡಿಕೊಂಡು ನಾಲ್ವರೂ ಕುಳಿತೆವು.

ಮೊದಲನೆಯ ದಾರಿ ಡೇ ಕೇರ್. ಟೆಕ್ಸಾಸಿನ ಪರವಾನಗಿ ಪಡೆದ ಕೇಂದ್ರಗಳಲ್ಲಿ ಒಂದು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರಾದರೂ ನೋಡಿಕೊಳ್ಳುವವರಿರಬೇಕು. ನೆಚ್ಚಬಹುದಾದ ವ್ಯವಸ್ಥೆ, ತಪಾಸಣೆಯ ವರದಿಗಳನ್ನು ರಾಜ್ಯ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಎಳೆಯ ಮಕ್ಕಳ ಜಾಗಕ್ಕೆ ಕಾಯುವ ಪಟ್ಟಿ ಉದ್ದ. ಮೊದಲ ವರ್ಷ ನೆಗಡಿ, ಕೆಮ್ಮು ತಪ್ಪಿದ್ದಲ್ಲ. ಮಗುವಿಗೆ ಜ್ವರ ಬಂದ ದಿನ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ರಜೆ. ಅರ್ವಿಂಗ್, ಫ್ರಿಸ್ಕೊ, ಕೇಟಿ, ಶುಗರ್‌ಲ್ಯಾಂಡ್, ಸೀಡರ್ ಪಾರ್ಕ್‌ಗಳಲ್ಲಿ ನಮ್ಮವರೇ ಮನೆಗಳಲ್ಲಿ ನಡೆಸುವ ಮಕ್ಕಳ ಆರೈಕೆಯೂ ಇದೆ. ಅನ್ನ ಸಾರು ತಿನ್ನಿಸುತ್ತಾರೆ, ಭಾಷೆ ಉಳಿಯುತ್ತದೆ. ಅಲ್ಲಿಗೂ ರಾಜ್ಯದ ಅನುಮತಿ ಬೇಕು, ಕೇಳಲು ಸಂಕೋಚಪಡಬಾರದು.

ಎರಡನೆಯದು ‘ಓ ಪೇರ್’. 1986ರಲ್ಲಿ ಆರಂಭವಾದ ಈ ಯೋಜನೆ ಜೆ-1 ವೀಸಾದ ಮೇಲೆ ಹೊರದೇಶಗಳ 18ರಿಂದ 26 ವಯಸ್ಸಿನ ಯುವಜನರನ್ನು ಮನೆಯೊಂದರ ಸದಸ್ಯರಂತೆ ಒಂದು ವರ್ಷ ಇರಿಸುತ್ತದೆ. ದಿನಕ್ಕೆ 10 ಗಂಟೆ, ವಾರಕ್ಕೆ 45 ಗಂಟೆ ಮೀರುವಂತಿಲ್ಲ. ವಾರಕ್ಕೆ ಒಂದೂವರೆ ದಿನ, ತಿಂಗಳಿಗೊಂದು ಪೂರ್ತಿ ವಾರಾಂತ್ಯ ಬಿಡುವು, ಎರಡು ವಾರ ಸಂಬಳ ಸಹಿತ ರಜೆ, ಸ್ವಂತ ಕೋಣೆ, ಓದಿಗೆ 500 ಡಾಲರ್‌ವರೆಗೆ ನೆರವು. ವಾರದ ಕನಿಷ್ಠ ಭತ್ಯೆ 195 ಡಾಲರ್ 75 ಸೆಂಟ್. ಈ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದರೆ, 45 ಗಂಟೆಗಳನ್ನು ಕನಿಷ್ಠ ವೇತನವಾದ 7 ಡಾಲರ್ 25 ಸೆಂಟ್‌ನಿಂದ ಗುಣಿಸಿ, ಊಟ ವಸತಿಗೆಂದು 40 ಶೇಕಡಾ ಕಳೆದರೆ ಉಳಿಯುವುದು ಇಷ್ಟೇ. ಮಧ್ಯವರ್ತಿ ಸಂಸ್ಥೆಯ ಶುಲ್ಕ ಬೇರೆ. ಆದರೆ ಇಲ್ಲೊಂದು ಬಾಗಿಲು ನಮ್ಮ ಯುವ ಕುಟುಂಬಗಳಲ್ಲಿ ಬಹಳಷ್ಟಕ್ಕೆ ಮುಚ್ಚಿದೆ: ಮನೆಯ ಯಜಮಾನರು ಅಮೆರಿಕದ ಪ್ರಜೆಗಳೋ ಗ್ರೀನ್ ಕಾರ್ಡ್ ಉಳ್ಳವರೋ ಆಗಿರಬೇಕು. ಎಚ್-1ಬಿ ವೀಸಾದಲ್ಲಿರುವ ತಂಗಿಯ ಮಗಳಿಗೆ ಈ ದಾರಿಯಿಲ್ಲ. ಮೂರು ತಿಂಗಳೊಳಗಿನ ಮಗುವನ್ನು, ತಂದೆ ತಾಯಿ ಅಥವಾ ಹೊಣೆಯುಳ್ಳ ಹಿರಿಯರು ಮನೆಯಲ್ಲಿಲ್ಲದಾಗ, ಓ ಪೇರ್ ಒಬ್ಬರ ಕೈಗೇ ಬಿಡುವುದಕ್ಕೂ ಅವಕಾಶವಿಲ್ಲ.

“ಊರಿಂದಲೇ ಯಾರನ್ನಾದ್ರೂ ಕರೆಸಿಕೊಂಡರೆ?” ಎಂದ ಅಳಿಯ. ಅನೇಕರು ಕೇಳುವ ಪ್ರಶ್ನೆ. ಪ್ರವಾಸಿ ವೀಸಾದಲ್ಲಿ ಬಂದವರಿಂದ ಸಂಬಳದ ಕೆಲಸ ಮಾಡಿಸುವುದು ಕಾನೂನಿಗೆ ವಿರುದ್ಧ. ನೆಂಟರೆಂದು ಹೇಳಿ ಕರೆಸಿದರೂ ಅಷ್ಟೆ. ತಾತ್ಕಾಲಿಕ ವೀಸಾದ ಕೆಲವರು ಮೊದಲೇ ತಮ್ಮಲ್ಲಿ ಕೆಲಸಕ್ಕಿದ್ದವರನ್ನು ಕರೆತರಲು ಕಿರಿದಾದ ದಾರಿಯೊಂದಿದೆ. ಅದಕ್ಕೆ ಬರಹದ ಒಪ್ಪಂದ, ಇಲ್ಲಿನ ವೇತನ, ಪ್ರತ್ಯೇಕ ಕೆಲಸದ ಅನುಮತಿ ಎಲ್ಲವೂ ಬೇಕು. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನ ಅಧಿಕಾರಿಯೊಬ್ಬರನ್ನು ಮನೆಗೆಲಸದವರ ವೀಸಾ ಮತ್ತು ವೇತನದ ಆರೋಪದ ಮೇಲೆ ಬಂಧಿಸಿದಾಗ ಎರಡು ದೇಶಗಳ ನಡುವೆ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಇನ್ನೊಬ್ಬರ ಪಾಸ್‌ಪೋರ್ಟನ್ನು ‘ಭದ್ರವಾಗಿರಲಿ’ ಎಂದು ನಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುವುದು ಇಲ್ಲಿ ಸಣ್ಣ ವಿಷಯವಲ್ಲ.

ಉಳಿದದ್ದು ಇಲ್ಲಿಯೇ ಇರುವ, ಕೆಲಸ ಮಾಡುವ ಹಕ್ಕುಳ್ಳ ಒಬ್ಬರನ್ನು ಮನೆಯಲ್ಲಿರಿಸಿಕೊಳ್ಳುವುದು. ಅವಳಿ ಮಕ್ಕಳಿರುವ ಮನೆಗೆ, ಎರಡು ಡೇ ಕೇರ್ ಶುಲ್ಕಗಳ ಎದುರು ತೂಗಿ ನೋಡಿದರೆ, ಇದು ಹುಚ್ಚು ಖರ್ಚೇನಲ್ಲ.

ಬರೆದಿಡಬೇಕಾದ ಲೆಕ್ಕ

1938ರಲ್ಲಿ ಅಮೆರಿಕ ಕನಿಷ್ಠ ವೇತನದ ಕಾನೂನು ಮಾಡಿದಾಗ ಮನೆಗೆಲಸದವರನ್ನು ಹೊರಗಿಟ್ಟಿತ್ತು, ಸೇರಿಸಿಕೊಂಡದ್ದು 1974ರಲ್ಲಿ. ನಮ್ಮ ಕರ್ನಾಟಕ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ್ದು 2004ರಲ್ಲಿ. ಭಾರತದ ರಾಜ್ಯಗಳಲ್ಲಿ ಮೊದಲನೆಯದೆಂಬ ಹೆಮ್ಮೆ ಅದಕ್ಕಿದೆ. ಎರಡೂ ಕಡೆ ಕಾನೂನು ತಡವಾಗಿಯೇ ಅಡಿಗೆಮನೆಯ ಬಾಗಿಲು ದಾಟಿತು.

ಈಗ ಟೆಕ್ಸಾಸಿನಲ್ಲಿ ಕೇಂದ್ರದ ಕನಿಷ್ಠ ವೇತನವೇ ರಾಜ್ಯದ್ದೂ ಹೌದು. 2009ರಿಂದ ಅದು ಗಂಟೆಗೆ 7 ಡಾಲರ್ 25 ಸೆಂಟ್‌ನಲ್ಲೇ ನಿಂತಿದೆ. ಒಳ್ಳೆಯವರು ಆ ದರಕ್ಕೆ ಸಿಗುವುದಿಲ್ಲ. ಅದು ತಳ, ಬೆಲೆಯಲ್ಲ. ಮನೆಯಲ್ಲೇ ಉಳಿಯುವವರಿಗೆ ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೊಡಬೇಕೆಂಬ ನಿಯಮ ಕೇಂದ್ರ ಕಾನೂನಿನಲ್ಲಿಲ್ಲ. ಆದರೆ ದುಡಿದ ಪ್ರತಿ ಗಂಟೆಗೂ ವೇತನ ಸಲ್ಲಬೇಕು, ಗಂಟೆಗಳ ದಾಖಲೆ ಇಡಬೇಕು. ನಿದ್ದೆಯ ಹೊತ್ತನ್ನು ಪರಸ್ಪರ ಒಪ್ಪಿ ಲೆಕ್ಕದ ಹೊರಗಿಡಬಹುದು. ಮಗು ಅತ್ತು ಅವರು ಎದ್ದರೆ ಆ ಹೊತ್ತು ಕೆಲಸದ ಹೊತ್ತೇ.

ತೆರಿಗೆಯ ವಿಷಯಕ್ಕೂ ಒಂದು ಇತಿಹಾಸವಿದೆ. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಹೆಸರಿಸಿದ ಜೋಯಿ ಬೇರ್ಡ್, ದಾಖಲೆಗಳಿಲ್ಲದ ದಂಪತಿಯನ್ನು ಮಗುವಿನ ಆರೈಕೆಗೂ ಕಾರು ಓಡಿಸಲೂ ಇಟ್ಟುಕೊಂಡಿದ್ದರು, ಅವರ ಸೋಷಿಯಲ್ ಸೆಕ್ಯೂರಿಟಿ ಹಣ ಕಟ್ಟಿರಲಿಲ್ಲ ಎಂಬುದು ಬಯಲಾಗಿ ಹಿಂದೆ ಸರಿಯಬೇಕಾಯಿತು. ಮರುವರ್ಷವೇ ಈ ಕಾನೂನನ್ನು ತಿದ್ದಲಾಯಿತು. ಈಗ ಒಬ್ಬರಿಗೆ ವರ್ಷಕ್ಕೆ ನಿಗದಿತ ಮೊತ್ತಕ್ಕಿಂತ ಹೆಚ್ಚು ನಗದು ವೇತನ ಕೊಟ್ಟರೆ—2025ರಲ್ಲಿ ಅದು 2,800 ಡಾಲರ್—ನಾವು ಕೆಲಸ ಕೊಟ್ಟವರು, ಅವರು ನೌಕರರು. ನಮ್ಮ ವಾರ್ಷಿಕ ತೆರಿಗೆ ಪತ್ರದೊಡನೆ ‘ಶೆಡ್ಯೂಲ್ ಎಚ್’ ಎಂಬ ಒಂದು ನಮೂನೆ ಸೇರಿಸಿ ಕಟ್ಟಿದರಾಯಿತು. ಕೆಲಸದ ಹಕ್ಕನ್ನು ದೃಢಪಡಿಸುವ ‘ಐ-9’ ತುಂಬಬೇಕು, ನಿರುದ್ಯೋಗ ವಿಮೆಯ ತೆರಿಗೆಗೆ ರಾಜ್ಯದಲ್ಲಿ ನೋಂದಾಯಿಸಬೇಕು. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲವಾದ್ದರಿಂದ ಆ ತಲೆನೋವಿಲ್ಲ. ನನ್ನ ಅಂದಾಜಿನಲ್ಲಿ ಎಲ್ಲ ಸೇರಿ ವರ್ಷಕ್ಕೆ ಒಂದೆರಡು ವಾರಾಂತ್ಯಗಳ ಕೆಲಸ. ಬಾ ವಿಷಯದಲ್ಲಿ ಅಷ್ಟು ಹೊತ್ತು ನನಗೆ ಸಿಕ್ಕಿರಲಿಲ್ಲ ಎಂದು ಹೇಳುವ ಧೈರ್ಯ ಈಗಿಲ್ಲ.

ಹಾಳೆಯ ಮೇಲೆ ನಾವು ಬರೆದದ್ದು ಇವು: ಕೆಲಸದ ಹೊತ್ತು, ಬಿಡುವಿನ ದಿನ, ಬಾಗಿಲಿಗೆ ಒಳಗಿನಿಂದ ಚಿಲಕವಿರುವ ಸ್ವಂತ ಕೋಣೆ, ಕಾಯಿಲೆಯ ರಜೆ, ಮಾಡಬೇಕಾದ ಮತ್ತು ಮಾಡಬೇಕಿಲ್ಲದ ಕೆಲಸಗಳು. ಮಕ್ಕಳ ಬಟ್ಟೆ ಒಗೆಯುವುದು ಸೇರಿದೆ. ನೆಂಟರು ಬಂದಾಗ ಇಪ್ಪತ್ತು ಜನಕ್ಕೆ ಅಡಿಗೆ ಸೇರಿಲ್ಲ. ಮನೆಯಲ್ಲಿ ಕ್ಯಾಮೆರಾ ಇದ್ದರೆ ಮೊದಲೇ ಹೇಳುವುದು. ಅವರ ಕೋಣೆ, ಸ್ನಾನದ ಮನೆಗಳಲ್ಲಿ ಎಂದೂ ಇಲ್ಲ. ಕೊನೆಯದು, ಬಿಡಿಸುವ ಸಂದರ್ಭ. ಬೇರೆ ಕೆಲಸ ಹೋದವರಿಗೆ ಸಂಜೆ ಹಿಂದಿರುಗಲು ಮನೆಯಿರುತ್ತದೆ. ಇವರಿಗೆ ಕೆಲಸ ಹೋದ ದಿನವೇ ಮಲಗುವ ಜಾಗವೂ ಹೋಗುತ್ತದೆ. ಆದ್ದರಿಂದ ಎರಡೂ ಕಡೆಯಿಂದ ಕನಿಷ್ಠ ಎರಡು ವಾರಗಳ ಮುನ್ಸೂಚನೆ.

ಇನ್ನು ವೈದ್ಯೆಯ ಪಟ್ಟಿ. ಹಿಂದಿನ ಮನೆಯವರೊಡನೆ ಫೋನಿನಲ್ಲಿ ಮಾತಾಡಿ. ಹಿನ್ನೆಲೆಯ ಪರಿಶೀಲನೆ ಮಾಡಿಸಿ. ಎಳೆ ಮಕ್ಕಳಿಗೆ ಉಸಿರು ನಿಂತಾಗ, ಗಂಟಲಿಗೆ ಸಿಕ್ಕಿಕೊಂಡಾಗ ಮಾಡಬೇಕಾದ ಪ್ರಥಮ ಚಿಕಿತ್ಸೆಯ ತರಗತಿಗೆ ಅವರನ್ನು ನಿಮ್ಮ ಖರ್ಚಿನಲ್ಲಿ ಕಳುಹಿಸಿ, ನೀವೂ ಹೋಗಿ. ನಾಯಿಕೆಮ್ಮು ಮತ್ತು ಫ್ಲೂ ಲಸಿಕೆ ಮನೆಯ ಎಲ್ಲರಿಗೂ ಇರಲಿ. ಮಗುವನ್ನು ಅಂಗಾತ ಮಲಗಿಸಬೇಕು. ತೊಟ್ಟಿಲಲ್ಲಿ ದಿಂಬು, ರಜಾಯಿ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಗೆಗೆ ಸವರಲೂಬಾರದು. ಇದನ್ನು ಕೆಲಸಕ್ಕೆ ಬಂದವರಿಗಷ್ಟೇ ಅಲ್ಲ, ನಮ್ಮ ಅಜ್ಜಿಯರಿಗೂ ಹೇಳಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮಕ್ಕಳನ್ನು ಮರೆತು ಸಂಭವಿಸುವ ಸಾವುಗಳಲ್ಲಿ ಟೆಕ್ಸಾಸ್ ಈ ದೇಶದಲ್ಲೇ ಮುಂದಿದೆ; ಐದು ನಿಮಿಷಕ್ಕೂ ಬಿಡುವಂತಿಲ್ಲ. 911 ಮತ್ತು ವಿಷ ನಿಯಂತ್ರಣ ಕೇಂದ್ರದ 1-800-222-1222 ಸಂಖ್ಯೆಗಳನ್ನು ಫ್ರಿಜ್ ಮೇಲೆ ಅಂಟಿಸಿ. ಪಕ್ಕದ ಮನೆಯವರ ಪರಿಚಯ ಮಾಡಿಸಿ. ಈ ಕೊನೆಯದು ಯಾವ ವೈದ್ಯಕೀಯ ಪುಸ್ತಕದಿಂದಲೂ ಬಂದದ್ದಲ್ಲ, ಆಲಿಸನ್ ಕಲಿಸಿದ್ದು.

ನೆನಪಿನ ಇನ್ನೊಂದು ಮೂಲೆ

ಮೇಜಿನ ಬಳಿ ಮೌನವಾಗಿ ಕುಳಿತಿದ್ದ ನನ್ನ ತಂಗಿ ಒಮ್ಮೆ ತಲೆಯೆತ್ತಿದಳು. “ಅಕ್ಕ, ನಮ್ಮನೇಲಿ ಇದ್ದ ಅಜ್ಜಿ ಎಲ್ಲಿ ಮಲಗ್ತಿದ್ರು?”

ಮೈಸೂರಿನ ನಮ್ಮ ತಂದೆಯ ಮನೆಯಲ್ಲಿ ನಮ್ಮಿಬ್ಬರನ್ನೂ ಎತ್ತಿ ಆಡಿಸಿದ ಒಬ್ಬ ಅಜ್ಜಿಯಿದ್ದರು. ನಂಜನಗೂಡಿನ ಕಡೆಯವರು. ನಮಗೆ ತುತ್ತು ಕೊಟ್ಟು ಕತೆ ಹೇಳಿದವರು. ಅವರು ಮಲಗುತ್ತಿದ್ದದ್ದು ಅಡಿಗೆಮನೆಯ ಹಿಂದಿನ ಒರಗುಪಡಸಾಲೆಯಲ್ಲಿ, ಚಾಪೆಯ ಮೇಲೆ. ಅವರಿಗೆ ಎಷ್ಟು ಕೊಡುತ್ತಿದ್ದರೆಂದು ನಮಗಿಬ್ಬರಿಗೂ ಗೊತ್ತಿಲ್ಲ. ಕೈ ನಡುಗತೊಡಗಿದ ಮೇಲೆ ಮಗಳ ಮನೆಗೆ ಹೋದರು. ಆಮೇಲೆ ಏನಾದರೆಂದೂ ಗೊತ್ತಿಲ್ಲ. ಅಮ್ಮ ಅಪ್ಪ ಅವರನ್ನು ಪ್ರೀತಿಯಿಂದಲೇ ನಡೆಸಿಕೊಂಡರು. ‘ಮನೆಯವರ ಹಾಗೆ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ಬಾ ಬಂದಾಗ ಅದನ್ನೇ ಹ್ಯೂಸ್ಟನ್ನಿನಲ್ಲಿ ಯೋಚಿಸದೆ ಬಳಸಿದ್ದೆ. ಮನೆಯವರಿಗೆ ಸಂಬಳವಿರುವುದಿಲ್ಲ ನಿಜ. ಆದರೆ ಮನೆಯವರನ್ನು ಮುಪ್ಪಿನಲ್ಲಿ ಮನೆಯೇ ನೋಡಿಕೊಳ್ಳುತ್ತದೆ. ನಾವು ಮೊದಲ ಅರ್ಧವನ್ನಷ್ಟೇ ಇಟ್ಟುಕೊಂಡಿದ್ದೆವು.

ತಂಗಿಯ ಮಗಳಿಗೆ ಎರಡು ವಾರದಲ್ಲಿ ಒಬ್ಬರು ಸಿಕ್ಕರು. ನೇಪಾಳಿ ಮಾತಾಡುವ, ಭೂತಾನಿನಿಂದ ನಿರಾಶ್ರಿತರಾಗಿ ಶಿಬಿರಗಳಲ್ಲಿ ಬೆಳೆದು, ಅಲ್ಲಿಂದ ಟೆಕ್ಸಾಸಿಗೆ ಬಂದು ಪೌರತ್ವ ಪಡೆದ, ನಲವತ್ತು ದಾಟಿದ ಹೆಂಗಸು. ಸ್ವಂತ ಮಕ್ಕಳು ಕಾಲೇಜಿನಲ್ಲಿದ್ದಾರೆ. ಸಂದರ್ಶನದ ದಿನ ವೀಡಿಯೊ ಕರೆಯಲ್ಲಿ ನಾನೂ ಇದ್ದೆ. ನಮ್ಮ ಎಲ್ಲ ಪ್ರಶ್ನೆಗಳು ಮುಗಿದ ಮೇಲೆ ಅವರು ಒಂದೇ ಒಂದನ್ನು ಕೇಳಿದರು: “ನನ್ನ ರಜೆಯ ದಿನ ನಾನು ಈ ಮನೆಯಲ್ಲೇ ನನ್ನ ಕೋಣೆಯಲ್ಲಿದ್ದರೆ, ಮಗು ಅತ್ತಾಗ ನಾನು ಹೊರಗೆ ಬರಬೇಕೇ?”

ಅಳಿಯ ನಕ್ಕುಬಿಟ್ಟ. ತಂಗಿಯ ಮಗಳು ನಗಲಿಲ್ಲ. ನನ್ನ ಕಡೆ ನೋಡಿದಳು. “ಬರಬೇಕಿಲ್ಲ. ಅದನ್ನೂ ಬರೀತೀನಿ” ಎಂದು ಪೆನ್ನು ಎತ್ತಿಕೊಂಡಳು. ಎದ್ದು ಬರುವ ಮನಸ್ಸಾದರೆ ಬರುವುದು ಬೇರೆ, ಬರಲೇಬೇಕಾದದ್ದು ಬೇರೆ. ಈ ವ್ಯತ್ಯಾಸವನ್ನು ಕಾಗದ ಕಾಯುತ್ತದೆ. ಕಾಗದದ ಆಚೆಗಿನ ಪ್ರೀತಿಯನ್ನು ಆ ಮಕ್ಕಳು ತಾವೇ ಸಂಪಾದಿಸಿಕೊಳ್ಳುತ್ತಾರೆ; ನನ್ನ ಮಗ ಸಂಪಾದಿಸಿಕೊಂಡಂತೆ.

ಅವನೀಗ ಹ್ಯೂಸ್ಟನ್ನಿನಲ್ಲೇ ಕೆಲಸದಲ್ಲಿದ್ದಾನೆ. ಬಾ ಶುಗರ್‌ಲ್ಯಾಂಡಿನಲ್ಲಿ ಮೊಮ್ಮಗನ ಮನೆಯಲ್ಲಿದ್ದಾರೆ. ನಮ್ಮಲ್ಲಿಂದ ಹೋದ ಮೇಲೆ ಇನ್ನೂ ಕೆಲವು ಮನೆಗಳಲ್ಲಿ ದುಡಿದು ನಲವತ್ತು ಅಂಕ ತುಂಬಿಸಿಕೊಂಡರು. ನಮ್ಮ ಹನ್ನೆರಡೂ ಅದರಲ್ಲಿ ಸೇರಿದವು. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದಾಗ ಬಿಲ್ಲಿನ ದೊಡ್ಡ ಪಾಲನ್ನು ಮೆಡಿಕೇರ್ ಭರಿಸಿತು. ಕಳೆದ ವಾರ ಮಗ ಅವರನ್ನು ನೋಡಲು ಹೋದವನು ವೀಡಿಯೊ ಕರೆ ಹಚ್ಚಿದ. ತಂಗಿಯ ಮಗಳ ಸುದ್ದಿ ಹೇಳಿದೆ. ಕಿವಿ ಮಂದವಾಗಿದೆ, ಎರಡು ಸಲ ಹೇಳಬೇಕಾಯಿತು. ಅವಳಿ ಮಕ್ಕಳೆಂದು ತಿಳಿದಾಗ ಎರಡೂ ಕೈಯೆತ್ತಿ ಹರಸಿದರು. ಆಮೇಲೆ ಪರದೆಯ ಹತ್ತಿರಕ್ಕೆ ಮುಖ ತಂದು ಕೇಳಿದರು:

“ಆ ಹೆಂಗಸಿನ ಲೆಕ್ಕ ಬರೆಯುತ್ತಿದ್ದಾರೆಯೇ?”

ಬರೆಯುತ್ತಿದ್ದಾರೆ ಬಾ, ಎಂದೆ.